ಷಡಕ್ಷರಿಯವರ ಕಾರಿಲ್ಲದ ಸ್ಟೀರಿಂಗು

ಬೆಳಿಗ್ಗೆ ಆರೂಕಾಲು. ಅಗ್ರಹಾರದ ಬೀದಿಗೆ ಇನ್ನೂ ಹಾಲಿನ ಸೈಕಲ್ ಬಂದಿಲ್ಲ. ಆರಡಿ ಅಗಲದ ರಿಪೇರಿ ಅಂಗಡಿಯಲ್ಲಿ ಐವತ್ಮೂರರ ಷಡಕ್ಷರಿಯವರು ಸ್ಟೀರಿಂಗ್ ಹಿಡಿದು ಕೂತಿದ್ದಾರೆ. ಕಾರಿಲ್ಲ, ರಸ್ತೆಯಿಲ್ಲ. ಸ್ಟೀರಿಂಗಿನ ಬಾಲದಂತಿರುವ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಸ್ಟೀರಿಂಗಿನ ಮೇಲೆ ಹಸಿರು ದೀಪ ಹತ್ತುತ್ತದೆ. ಹಿಂದೆಯೇ ಪರದೆಯ ಮೂಲೆಯಲ್ಲಿ ಹಳದಿ ಚೀಟಿಯೊಂದು ಏಳುತ್ತದೆ. ಬರೆದಿರುವುದು ಇಂಗ್ಲಿಷಿನಲ್ಲಿ, ಧಾಟಿ ಮಾತ್ರ ಮದುವೆಮನೆಯ ಬಾಗಿಲಲ್ಲಿ ನಿಂತ ದೂರದ ನೆಂಟನದು: "ತಾವು ಯಾರು ಅಂತ ಗೊತ್ತಾಗ್ಲಿಲ್ವಲ್ಲ?"

"ನಾಕು ದಿನದಿಂದ ಇದೇ ಮಾತು ಕಣ್ರೀ," ಎನ್ನುತ್ತಾರೆ ಷಡಕ್ಷರಿ. "ದೀಪ ಉರೀತದೆ ಅಂದ್ರೆ ಜೀವ ಅದೆ. ಜೀವ ಇರೋದನ್ನ ಇದು ಯಾಕೆ ಗುರುತು ಹಿಡೀತಿಲ್ಲ?"

ಅಷ್ಟರಲ್ಲಿ ಕೇಳುತ್ತದೆ: "ಟು-ಡುಂಗ್!"

ಹೊಸ ಸಾಮಾನು ಕೂಡಿಕೊಂಡಾಗ ಕಂಪ್ಯೂಟರ್ ಹೊರಡಿಸುವ ದನಿ ಅದು. ಷಡಕ್ಷರಿ ದಡಕ್ಕನೆ ಎದ್ದು ಪರದೆಗೆ ಮುಖವಿಡುತ್ತಾರೆ. ಹಳದಿ ಚೀಟಿ ಹಾಗೇ ಇದೆ. ಹಲಗೆ ಗೋಡೆಯಾಚೆ ಟೈಲರ್ ಮಹದೇವಪ್ಪ ಕಿಸಕ್ಕೆನ್ನುತ್ತಾನೆ.

"ಥೂ, ನಿನ್ನ ಗಂಟಲಿಗಿಷ್ಟು! ಎಷ್ಟನೇ ಸಲ ಕಣೋ ಇದು?"

"ಆರನೇದು ಕಣಣ್ಣ. ನೀನು ಆರು ಸಲನೂ ಎದ್ದೆ!"

ಮಹದೇವಪ್ಪನಿಗೆ ತಮಾಷೆ. ಷಡಕ್ಷರಿಯವರಿಗೆ ಇದು ಅಂಗಡಿಯ ಅಳಿವು ಉಳಿವಿನ ಪ್ರಶ್ನೆ. ಮೂವತ್ತೊಂದು ವರ್ಷದಲ್ಲಿ ಈ ಕೈಯಿಂದ ರೇಡಿಯೊ, ಟೇಪ್‌ರೆಕಾರ್ಡರ್, ಟಿ.ವಿ., ಕಂಪ್ಯೂಟರ್ ಎಲ್ಲವೂ ಎದ್ದು ಹೋಗಿವೆ. ತೊಂಬತ್ತೈದರ ಸುಮಾರಿಗೆ ದಿನಕ್ಕೆ ಹದಿನಾಲ್ಕು ಸಾಮಾನು ಬಂದದ್ದುಂಟು. ಈಗ 2006, ವಾರಕ್ಕೆ ಎರಡು ಬಂದರೆ ಹೆಚ್ಚು. ಕೆಟ್ಟದ್ದನ್ನು ಎಸೆದು ಹೊಸದು ತರುವ ಕಾಲ. ಗೋಕುಲಂನ ಯೋಗಶಾಲೆಯೊಂದರ ಗೇಟಿನಲ್ಲಿ ಕಾವಲಿನ ಕೆಲಸವನ್ನು ಭಾವಮೈದ ಗೊತ್ತುಮಾಡಿಟ್ಟಿದ್ದಾನೆ. ಅದರ ನೀಲಿ ಯೂನಿಫಾರ್ಮನ್ನು ಹೊಲಿಯುತ್ತಿರುವವನೂ ಇದೇ ಮಹದೇವಪ್ಪ. ತೋಳು ಕೂಡಿಸುವುದೊಂದು ಬಾಕಿ.

"ಮನೇಲಿ ಪ್ರೇಮಲೀಲಾಗೆ ಹೇಳ್ಬುಟ್ಟಿದೀನಿ," ಎಂದು ಹೆಂಡತಿಯ ಹೆಸರು ತೆಗೆಯುತ್ತಾರೆ. "ಈ ಸ್ಟೀರಿಂಗ್ ಎದ್ರೆ ಬೋರ್ಡು ಇರ್ತದೆ. ಇಲ್ದಿದ್ರೆ ಸೋಮವಾರ ಇಳಿಸೋದು, ಗೇಟಿಗೆ ಹೋಗೋದು." ಬಾಗಿಲ ಮೇಲಿನ ಬೋರ್ಡಿನಲ್ಲಿ ಇರುವುದು ಎರಡೇ ಪದ: ರಿಪೇರಿ ಆಗುತ್ತದೆ.

ಸ್ಟೀರಿಂಗ್ ಬಂದಿರುವುದು ಅಶೋಕಪುರಂನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ರಮಾಮಣಿಯವರಿಂದ. ರಸ್ತೆ ಕಂಡರೆ ಕೈನಡುಗುವವರನ್ನು ಅವರು ಮೊದಲು ಕಂಪ್ಯೂಟರಿನ ರೇಸ್ ಆಟದ ಮುಂದೆ ಕೂರಿಸುತ್ತಾರೆ. ಎಷ್ಟು ಸಲ ಗುದ್ದಿದರೂ ಬಂಪರ್ ಬದಲಿಸಬೇಕಿಲ್ಲ. ಷಡಕ್ಷರಿಯವರಿಗೆ ಖಾಯಂ ಗಿರಾಕಿ ಅಂತ ಉಳಿದಿರುವವರೂ ಅವರೊಬ್ಬರೇ. ಆಯುಧಪೂಜೆಯ ದಿನ ಸ್ಕೂಲಿನ ಕಾರುಗಳ ಜೊತೆ ಈ ಸ್ಟೀರಿಂಗಿಗೂ ಪೂಜೆಯಾಯಿತು. "ರಿಪೇರಿ ಮಾಡೋ ಕೈಯಿಂದಾನೇ ಆಗ್ಲಿ" ಎಂದು ರಮಾಮಣಿಯವರು ಷಡಕ್ಷರಿಯವರನ್ನೇ ಕರೆಸಿದ್ದರು. ವಿಭೂತಿ, ಕುಂಕುಮ, ಹಿಡಿ ತುಂಬ ಅಕ್ಷತೆ. ಕಾರಿನ ಚಕ್ರದಡಿ ಇಟ್ಟಂತೆ ಪೆಡಲಿನಡಿಗೂ ನಿಂಬೆಹಣ್ಣು ಇಟ್ಟು ತುಳಿದದ್ದಾಯಿತು. ವಿಜಯದಶಮಿ ಕಳೆದು ಸ್ಕೂಲು ತೆರೆದರೆ ಸ್ಟೀರಿಂಗ್ ಅಪರಿಚಿತ!

ನಿಂಬೆರಸದ್ದೇ ಕಿತಾಪತಿ ಎಂದು ಷಡಕ್ಷರಿ ಮೊದಲ ದಿನ ಪೆಡಲು ಬಿಚ್ಚಿ ತೊಳೆದರು. ಎರಡನೇ ದಿನ ಸಿ.ಡಿ. ಹಾಕಿ ಸಾಫ್ಟ್‌ವೇರ್ ತೆಗೆದರು, ತುಂಬಿದರು, ಮತ್ತೆ ತೆಗೆದರು. ಮೂರನೇ ದಿನ ಬೇರೆ ಎರಡು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ಎಲ್ಲ ಕಡೆ ಅದೇ ದೀಪ, ಅದೇ ನೆಂಟ. ಇವತ್ತು ಶನಿವಾರ. ಹತ್ತು ಗಂಟೆಯೊಳಗೆ ಹೇಳಿ ಎಂದಿದ್ದಾರೆ ರಮಾಮಣಿ.

ಒಂಬತ್ತೂಕಾಲಿಗೆ ಷಡಕ್ಷರಿ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. ಸ್ಟೀರಿಂಗ್ ಬಂದಿದ್ದ ಡಬ್ಬ ಎಳೆದುಕೊಂಡು ಹಳೇ ಪಂಚೆಯ ಚೂರಿನಿಂದ ಸ್ಟೀರಿಂಗ್ ಒರೆಸತೊಡಗುತ್ತಾರೆ. ಎದ್ದೇಳದ ಸಾಮಾನನ್ನೂ ಕೊಳೆಯಾಗಿ ಹಿಂದಿರುಗಿಸುವುದು ಅವರ ಅಂಗಡಿಯ ರೂಢಿಯಲ್ಲ.

"ಮಾದೇವಪ್ಪ, ಒಂದು ಸೂಜಿ ಕೊಡೋ. ಪಿನ್ನಿನ ಬಾಯಿ ಮೆತ್ಕೊಂಡದೆ."

ಗೋಡೆಯ ಸಂದಿಯಿಂದ ಸೂಜಿ ಬರುತ್ತದೆ. ವೈರಿನ ತುದಿಯ ಪಿನ್ನಿನೊಳಗೆ ಮೆಲ್ಲಗೆ ಕೆರೆದರೆ ಒಣಗಿದ ಕುಂಕುಮ ಉದುರುತ್ತದೆ. ಅದರ ಹಿಂದೆ ಒಂದು ಅಕ್ಕಿಕಾಳು. ಹಳದಿ ಬಣ್ಣದ್ದು. ಷಡಕ್ಷರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಪಿನ್ನನ್ನು ಬೆಳಕಿಗೆ ಹಿಡಿಯುತ್ತಾರೆ. ಪಿನ್ನಿನಲ್ಲಿ ನಾಲ್ಕು ಪಟ್ಟಿ. ಅಂಚಿನ ಎರಡು ಉದ್ದ, ಕರೆಂಟಿಗೆ. ನಡುವಿನ ಎರಡು ಗಿಡ್ಡ, ಮಾತುಕತೆಗೆ. ಕಾಳು ಅಡ್ಡ ಕೂತಿದ್ದರಿಂದ ಪಿನ್ನು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಕರೆಂಟು ದಾಟುತ್ತಿತ್ತು, ಮಾತು ತಡವರಿಸುತ್ತಿತ್ತು. ಪೂಜೆಯ ದಿನ ಅಕ್ಷತೆ ಎರಚಿದ ಕೈ ಯಾವುದೆಂದು ಅವರು ಯಾರನ್ನೂ ಕೇಳಬೇಕಿಲ್ಲ.

ಮೇಜಿನಡಿ ಬಗ್ಗಿ ಮತ್ತೆ ಸಿಕ್ಕಿಸುತ್ತಾರೆ.

"ಟು-ಡುಂಗ್!"

"ಲೋ, ಈಗಲಾದ್ರೂ ಸುಮ್ನಿರೋ!" ಮೇಜಿನಡಿಯಿಂದಲೇ ಕೂಗು. "ನನ್ನ ಸಂಕಟ ನಿನಗೆ ಆಟ ಆಗ್ಬುಟ್ಟಿದೆ!"

ತಲೆಯೆತ್ತಿದರೆ ಮಹದೇವಪ್ಪ ಬಾಗಿಲಲ್ಲಿ ನಿಂತಿದ್ದಾನೆ, ತುಟಿಗಳ ನಡುವೆ ಸಾಲಾಗಿ ಏಳು ಗುಂಡುಪಿನ್ನು ಕಚ್ಚಿಕೊಂಡು. ಆ ಬಾಯಿಂದ ಉಸಿರು ಬಿಟ್ಟರೆ ಬೇರೇನೂ ಹೊರಡುವಂತಿಲ್ಲ. ಅವನು ಕಣ್ಣಗಲಿಸಿ ಪರದೆಯ ಕಡೆ ಬೆರಳು ತೋರಿಸುತ್ತಾನೆ. ಹಳದಿ ಚೀಟಿ ಇಲ್ಲ.

ಷಡಕ್ಷರಿ ಆಟ ಹಚ್ಚಿ ಸ್ಟೀರಿಂಗನ್ನು ಎಡಕ್ಕೆ ತಿರುಗಿಸುತ್ತಾರೆ. ಪರದೆಯ ಕೆಂಪು ಕಾರು ಎಡಕ್ಕೆ ಹೊರಳುತ್ತದೆ. ಕೂಡಲೇ ರಮಾಮಣಿಯವರಿಗೆ ಫೋನ್ ಮಾಡುತ್ತಾರೆ.

"ಅಯ್ಯೋ ಷಡಕ್ಷರಿಯವರೇ," ಆ ಕಡೆಯ ದನಿ ಸಂಕೋಚದಲ್ಲಿ ಕುಗ್ಗುತ್ತದೆ. "ನಿನ್ನೆ ಸಂಜೇನೇ ಹೊಸದು ತಂದ್ಬಿಟ್ವಿ. ಅಂಗಡಿಯವರೇ ಇನ್ನು ಮುಂದೆ ಸರ್ವೀಸೂ ನೋಡ್ಕೋತಾರಂತೆ. ಅದನ್ನ ನೀವೇ ಇಟ್ಕೊಂಡ್ಬಿಡಿ, ಬೇಜಾರು ಮಾಡ್ಕೋಬೇಡಿ."

"ಆಗ್ಲಿ ಅಮ್ಮ," ಎಂದು ಷಡಕ್ಷರಿ ಫೋನ್ ಇಡುತ್ತಾರೆ. ಪರದೆಯಲ್ಲಿ ಕಾರು ತಾನಾಗಿಯೇ ಹೋಗಿ ಗೋಡೆಗೆ ಗುದ್ದಿ ನಿಲ್ಲುತ್ತದೆ.

ಮಹದೇವಪ್ಪ ಒಂದೊಂದೇ ಪಿನ್ನು ತೆಗೆದು ಅಂಗಿಗೆ ಚುಚ್ಚಿಕೊಳ್ಳುತ್ತಾನೆ. ತನಗೆ ಬರುವುದನ್ನೇ ಸಣ್ಣ ದನಿಯಲ್ಲಿ ಮಾಡುತ್ತಾನೆ: "ಟು-ಡುಂಗ್."

ಷಡಕ್ಷರಿಯವರ ಭುಜ ಅಲುಗುತ್ತದೆ. ಅಳುತ್ತಿದ್ದಾರೇನೋ ಎಂದು ಮಹದೇವಪ್ಪ ಹತ್ತಿರ ಬರುತ್ತಾನೆ. ಅಲ್ಲ, ನಗು. ಬೀದಿಯಾಚೆಗೂ ಕೇಳುವಂಥ ನಗು, ಕಣ್ಣಲ್ಲಿ ನೀರು.

"ಏಳನೇ ಸಲ ನಾನು ಏಳಲಿಲ್ಲ, ನೋಡ್ದಾ?"

"ಅಣ್ಣ... ಯೂನಿಫಾರ್ಮು? ತೋಳು ಕೂಡಿಸ್ಲಾ, ಬೇಡ್ವಾ?"

ಷಡಕ್ಷರಿ ಕಣ್ಣೊರೆಸಿಕೊಂಡು ಬಾಗಿಲ ಮೇಲಿನ ಬೋರ್ಡಿನತ್ತ ನೋಡುತ್ತಾರೆ. ಸ್ಟೀರಿಂಗ್ ಎದ್ದಿದೆ. ಕೊಟ್ಟ ಮಾತು ಮಾತೇ.

"ಕತ್ತರಿಸ್ಬುಡು. ಅದೇ ಬಟ್ಟೇಲಿ ಈ ಸ್ಟೀರಿಂಗಿಗೊಂದು ಕವರ್ ಹೊಲಿ," ಎನ್ನುತ್ತಾರೆ, ಮತ್ತೆ ನಗು ಉಕ್ಕಿ. "ಧೂಳು ಕೂರಬಾರದು. ಅಕ್ಷತೇನೂ."