ಕವಲು ತಂತಿಯ ಕೆಳಗೆ ನೆಲ್ಯಾ ಚಿಕ್ಕಮ್ಮ

ರಸ್ತೆಯ ಮೇಲೆ ಕಟ್ಟಿದ ತಂತಿಯಿಂದ ವಿದ್ಯುತ್ ಎಳೆದು ಓಡುವ ಮೂರನೇ ನಂಬರಿನ ಟ್ರಾಲಿಬಸ್ ಇರಬೇಕೋ ಬೇಡವೋ ಎಂದು ಈ ವರ್ಷ ನಮ್ಮ ಊರಿನಲ್ಲಿ ಮಾತನಾಡದವರಿಲ್ಲ. ಇಪ್ಪತ್ತೇಳು ವರ್ಷ ಅದನ್ನು ಓಡಿಸಿದ ನೆಲ್ಯಾ ಚಿಕ್ಕಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ ಸಲ, ಅದೂ ಕೇಳಬಾರದ ಜಾಗದಲ್ಲಿ.

ನೆಲ್ಯಾ, ಪೂರ್ತಿ ಹೆಸರು ನೆಲ್ಲಿ ಅರ್ಕಾದ್ಯೇವ್ನಾ, ನನ್ನ ಗಂಡ ಗ್ಲೆಬ್‌ನ ಚಿಕ್ಕಮ್ಮ. ಐವತ್ತನಾಲ್ಕು ವಯಸ್ಸು, ಗಿಡ್ಡ ಆಳು, ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂತರೇ ರಸ್ತೆ ಕಾಣುವುದು. ಸೀಟಿನ ಹಿಂದೆ ಒಂದು ಜೊತೆ ದಪ್ಪ ಕೈಗವಸು. ಚಾವಣಿಯ ಮೇಲಿನ ಎರಡು ಕೋಲುಗಳು ತಂತಿ ಬಿಟ್ಟು ಜಿಗಿದರೆ ಇಳಿದು, ಹಿಂದಿನ ಹಗ್ಗ ಎಳೆದು, ಕತ್ತು ಮೇಲೆತ್ತಿ ಮತ್ತೆ ತಂತಿಗೆ ಕೂರಿಸಬೇಕು. ಜನವರಿಯ ಚಳಿಯಲ್ಲೂ ಅಷ್ಟೇ. ಊರಿನವರು ಆ ಕೋಲುಗಳಿಗೆ ಕೊಂಬು ಅನ್ನುತ್ತಾರೆ.

ನನಗೂ ಆ ಗಾಡಿಗೂ ಇರುವ ನಂಟು ಮಗಳಿಂದ. ತಾಸ್ಯಾಗೆ ಹುಟ್ಟಿದಾಗಿನಿಂದ ಸೊಂಟದ ಕೀಲು ಸಡಿಲ. ವಾರಕ್ಕೆ ಮೂರು ದಿನ ಗುಡ್ಡದ ಮೇಲಿನ ಮಕ್ಕಳ ಆಸ್ಪತ್ರೆಗೆ ಮಾಲೀಸಿಗೆ ಒಯ್ಯಬೇಕು. ಗುಡ್ಡಕ್ಕೆ ಹೋಗುವುದು ಮೂರನೇ ನಂಬರು ಒಂದೇ. ಮೆಟ್ಟಿಲು ಎತ್ತರ, ನಿಜ. ಆದರೆ ಚಿಕ್ಕಮ್ಮ ತಾನೇ ಇಳಿದು ಬಂದು ಮಗುವಿನ ತಳ್ಳುಗಾಡಿಯ ಮುಂದಿನ ಚಕ್ರ ಎತ್ತಿ ಕೊಡುತ್ತಿದ್ದಳು. ಏರು ಶುರುವಾದರೆ ಗಾಡಿ ಜೇನುಹುಳದ ಹಾಗೆ ಗುಂಯ್ ಎನ್ನುತ್ತ ಹತ್ತುತ್ತಿತ್ತು, ಒಂದು ಕುಲುಕಾಟವಿಲ್ಲ. ಆಸ್ಪತ್ರೆ ಬರುವಷ್ಟರಲ್ಲಿ ತಾಸ್ಯಾ ನಿದ್ದೆ. ನನಗೆ ಜಗಳವಾಡಲು ಇಷ್ಟು ಕಾರಣ ಸಾಕಿತ್ತು.

ಮೊದಲು ಜಗಳ ಮನೆಯೊಳಗೇ. ಭಾನುವಾರ ಚಿಕ್ಕಮ್ಮನ ಅಡುಗೆಮನೆಯಲ್ಲಿ ಎಲೆಕೋಸಿನ ಕಡುಬು ತಿನ್ನಲು ಸೇರುತ್ತಿದ್ದೆವು. ಅವಳ ಅಣ್ಣ ಅರ್ಸೇನಿ ಮಾವ ಬರುತ್ತಿದ್ದ. ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತನಾದವನು, ಈಗಲೂ ಟ್ರಾಮಿನವನ ಜಂಬ ಇಳಿದಿಲ್ಲ.

"ನಿನ್ನದೂ ಒಂದು ಗಾಡೀನಾ ನೆಲ್ಕಾ? ಕೊಂಬಿನ ಹಸು ಅದು. ಹಗ್ಗ ಇರೋಷ್ಟು ದೂರ ಮೇಯುತ್ತೆ."

"ನಿನ್ನದೇನು ಮಹಾ? ಯಾವನೋ ಹಳಿ ಮೇಲೆ ಕಾರು ನಿಲ್ಲಿಸಿ ಸಿಗರೇಟು ತರೋಕೆ ಹೋದ್ರೆ, ಅವನು ಬರೋತನಕ ಗಂಟೆ ಬಾರಿಸ್ತಾ ಕೂತಿರ್ತೀಯ. ನಾನಾದ್ರೆ ಪಕ್ಕಕ್ಕೆ ಸರಿದು ಹೋಗ್ತೀನಿ."

"ಒಂದೇ ಸಲಕ್ಕೆ ಇನ್ನೂರು ಜನ ಹೊರ್ತೀನಿ ನಾನು!"

"ಹೊರು, ಯಾರು ಬೇಡ ಅಂದ್ರು? ಗುಡ್ಡ ಹತ್ತಿಸು ನೋಡೋಣ."

ಗ್ಲೆಬ್ ಬಾಯಿಹಾಕಿದ: "ಡೀಸೆಲ್ ಬಸ್ಸಿಗೆ ತಂತೀನೂ ಬೇಡ, ಹಳೀನೂ ಬೇಡ. ಎಲ್ಲಿಗೆ ಬೇಕಾದ್ರೂ ಹೋಗುತ್ತಪ್ಪ."

ಅಣ್ಣತಂಗಿ ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು. "ಹೋಗುತ್ತೆ, ಹೋಗುತ್ತೆ! ಹೊಗೆ ಕುಡಿದುಕೊಂಡು ಬೆಳೀಲಿ ನಿನ್ನ ಮಗಳು!" ಆ ಮನೆಯಲ್ಲಿ ಅವರಿಬ್ಬರು ಒಪ್ಪಿಕೊಂಡದ್ದು ಅದೊಂದೇ ಮಾತು.

ಮಾರ್ಚಿನಲ್ಲಿ ಸುದ್ದಿ ಬಂತು. ಹಳೆ ತಂತಿ ದುರಸ್ತಿ ದುಬಾರಿ, ಮೂರನೇ ನಂಬರಿಗೆ ಬಸ್ಸು ಹಾಕುವ ಆಲೋಚನೆಯಿದೆ, ಒಂದು ಸಮಿತಿ ಬಂದು ನೋಡಿ ವರದಿ ಕೊಡುತ್ತದೆ. ಡಿಪೋದವರು ಚಿಕ್ಕಮ್ಮನ ಗಾಡಿಯನ್ನೇ ಆರಿಸಿದರು. ಇಪ್ಪತ್ತೇಳು ವರ್ಷದಲ್ಲಿ ಅವಳ ಕೊಂಬು ಜಿಗಿದದ್ದನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಹಿಂದಿನ ದಿನ ಅವಳು ಕಿಟಕಿಗಳನ್ನು ವಿನೆಗರ್ ಹಾಕಿ ಒರೆಸಿದಳು. ನಾನು ಪರದೆಗಳನ್ನು ಒಗೆದು ಕೊಟ್ಟೆ.

ಆ ಬೆಳಿಗ್ಗೆ ತಾಸ್ಯಾಳ ಮಾಲೀಸಿನ ದಿನವಾದ್ದರಿಂದ ನಾನೂ ಆ ಗಾಡಿಯಲ್ಲೇ ಇದ್ದೆ. ಸಮಿತಿಯವರು ಐದು ಜನ. ಅವರಲ್ಲಿ ಸವೇಲಿ ಮಾರ್ಕೊವಿಚ್ ಎಂಬ ನೀಲಿ ಕೋಟಿನ ಮನುಷ್ಯ ಬಂದು ಚಾಲಕಿಯ ಬಾಗಿಲಿಗೇ ಒರಗಿ ನಿಂತ. ಅವನ ಭುಜದ ಹತ್ತಿರವೇ ಫಲಕವಿತ್ತು: ಚಾಲಕರೊಡನೆ ಮಾತನಾಡಬೇಡಿ. ಚಿಕ್ಕಮ್ಮ ಆ ಫಲಕವನ್ನು ದೇವರ ಪಟದ ಹಾಗೆ ನಂಬಿದವಳು. ನಾನು ಹತ್ತಿದಾಗಲೂ ಹುಬ್ಬು ಹಾರಿಸುವುದು ಬಿಟ್ಟರೆ ಒಂದು ಮಾತಿಲ್ಲ.

"ಮುಂದೆ ಇನ್ನೊಂದು ಗಾಡಿ ಕೆಟ್ಟು ನಿಂತರೆ ಏನ್ ಮಾಡ್ತೀರಮ್ಮ?" ಅಂದ ಅವನು.

ಅವಳು ದಿಂಬಿನ ಮೇಲೆ ಇನ್ನಷ್ಟು ನೆಟ್ಟಗೆ ಕೂತಳು.

"ಬಸ್ಸಾದ್ರೆ ಬೇರೆ ಬೀದಿಗೆ ತಿರುಗಿಸ್ಕೊಂಡು ಹೋಗಬಹುದಲ್ವ? ನೀವು ತಂತಿಗೆ ಕಟ್ಟಿಬಿದ್ದವರು."

ಅವಳ ಕಿವಿ ಕೆಂಪಾಗುವುದು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

"ಹೇಳಿ ನೆಲ್ಲಿ ಅರ್ಕಾದ್ಯೇವ್ನಾ, ಹಿಂಜರೀಬೇಡಿ. ನಿಮ್ಮ ಅಭಿಪ್ರಾಯ ಕೇಳೋಕೇ ಬಂದಿರೋದು ನಾವು."

ಅಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾದವಳು. ಬಾಯಿ ತೆರೆದಳು. "ಬೇರೆ ಬೀದಿಗಾ? ಗುಡ್ಡಕ್ಕೆ ಇರೋದು ಒಂದೇ ಬೀದಿ ಸ್ವಾಮಿ! ಮೈನಸ್ ಮೂವತ್ತರಲ್ಲಿ ನಿಮ್ಮ ಡೀಸೆಲ್ಲು ಗಟ್ಟಿಯಾಗಿ ಕೂತಿರುತ್ತೆ, ಆವಾಗ ಮಕ್ಕಳನ್ನ ಯಾರು..."

ಗಾಡಿ ಹಳೇ ಅಂಚೆ ಕಚೇರಿಯ ಕವಲಿಗೆ ಬಂದಿತ್ತು. ಅಲ್ಲಿ ತಂತಿ ಎರಡಾಗುತ್ತದೆ: ಬಲಕ್ಕೆ ಗುಡ್ಡ, ಎಡಕ್ಕೆ ಡಿಪೋ. ಕವಲಿನ ಕೆಳಗೆ ಪೆಡಲಿನಿಂದ ಕಾಲೆತ್ತಿ ತೇಲಿಬಿಟ್ಟರೆ ಕೊಂಬು ಬಲದ ತಂತಿ ಹಿಡಿಯುತ್ತದೆ. ಕಾಲಿಟ್ಟು ವಿದ್ಯುತ್ ಎಳೆದರೆ ಎಡಕ್ಕೆ. ಟ್ರಾಲಿಬಸ್ಸಿನವರಿಗೆ ಇದು ಉಸಿರಾಟದಷ್ಟು ಸಹಜ. ಆ ದಿನ ಮಾತಿನ ಬಿಸಿಯಲ್ಲಿ ಅವಳ ಕಾಲು ಪೆಡಲಿನ ಮೇಲೇ ಉಳಿಯಿತು. ಗಾಡಿ ಬಲಕ್ಕೆ ತಿರುಗಿತು, ಕೊಂಬುಗಳು ಎಡಕ್ಕೆ ಹೋದವು. ಮೇಲೆ ಧಡಾರ್ ಎಂದಿತು, ನೀಲಿ ಕಿಡಿ ಹಾರಿತು, ದೀಪಗಳೆಲ್ಲ ಆರಿದವು. ಒಂದು ತಂತಿ ತುಂಡಾಗಿ ಟ್ರಾಮಿನ ಹಳಿಯ ಮೇಲೆ ಬಿತ್ತು.

ತಾಸ್ಯಾ ಕಿರುಚಿದಳು. ಯಾರಿಗೂ ಏಟಾಗಲಿಲ್ಲ. ಆದರೆ ನಮ್ಮ ಹಿಂದೆ ನಾಲ್ಕು ಟ್ರಾಲಿಬಸ್, ಅಡ್ಡರಸ್ತೆಯಲ್ಲಿ ಆರು ಟ್ರಾಮ್, ಒಂದೂವರೆ ಗಂಟೆ ಕಾಲ ಊರೇ ನಿಂತಿತು. ಸಮಿತಿಯವರು ಫೋಟೋ ತೆಗೆದುಕೊಂಡು, ಪಕ್ಕದಲ್ಲಿ ಬಂದ ಮಿನಿಬಸ್ ಹತ್ತಿ ಹೋದರು. ಚಿಕ್ಕಮ್ಮ ಕೈಗವಸು ಹಾಕಿಕೊಂಡು ಕೆಸರುಹಿಮದಲ್ಲಿ ನಿಂತಿದ್ದಳು. ಎಳೆಯಲು ಹಗ್ಗವೇ ಉಳಿದಿರಲಿಲ್ಲ.

ಹತ್ತು ದಿನದ ಮೇಲೆ ಸಾರ್ವಜನಿಕ ಸಭೆ. ಅದಕ್ಕೆ ಮುಂಚೆ ಅರ್ಸೇನಿ ಮಾವ ತಂಗಿಗೆ ಬುದ್ಧಿ ಹೇಳಿದ: "ಕವಲಲ್ಲಿ ತಂತಿ ಬದಲಿಸೋ ಕಬ್ಬಿಣ ಹಳೇದಾಗಿತ್ತು ಅನ್ನು, ಸಾಕು. ನಿನ್ನ ತಲೆ ಉಳಿಯುತ್ತೆ."

"ಕಬ್ಬಿಣ ಹಳೇದು ಅಂದ್ರೆ ಲೈನೇ ಹಳೇದು ಅಂತ ಕಿತ್ತುಹಾಕ್ತಾರೆ ಅಣ್ಣ. ತಪ್ಪು ನಂದು ಅಂದ್ರೆ ಲೈನಾದ್ರೂ ಉಳಿಯುತ್ತೆ."

ಸಭೆಯಲ್ಲಿ ಅವಳು ಹಾಗೇ ಹೇಳಿದಳು. ಎದ್ದು ನಿಂತು, ಕೈಚೀಲ ಎದೆಗೆ ಒತ್ತಿಕೊಂಡು: "ಗಾಡಿ ಸರಿಯಿತ್ತು. ತಂತಿ ಸರಿಯಿತ್ತು. ನಾನು ಮಾತಾಡಿದೆ, ಕಾಲೆತ್ತಲಿಲ್ಲ. ಶಿಕ್ಷೆ ನನಗೆ ಕೊಡಿ."

ಸವೇಲಿ ಮಾರ್ಕೊವಿಚ್ ಮೆತ್ತಗೆ, ತುಂಬ ಮರ್ಯಾದೆಯಿಂದ ಅಂದ: "ಇವರ ಪ್ರಾಮಾಣಿಕತೆಗೆ ನಮಸ್ಕಾರ. ನಮ್ಮ ಅತ್ಯುತ್ತಮ ಚಾಲಕಿ ಇವರು. ಇಂಥವರದೇ ಕಾಲು ಒಂದು ಕ್ಷಣ ತಪ್ಪಿದರೆ ಇಡೀ ಊರು ನಿಲ್ಲುತ್ತೆ ಅಂದಮೇಲೆ, ಅಂಥ ಗಾಡಿ ನಮಗೆ ಬೇಕಾ?"

ಜನ ಹೌದೆಂದು ತಲೆಯಾಡಿಸಿದರು. ನನಗೆ ಮಾತಾಡಲು ಮೂರು ನಿಮಿಷ ಕೊಟ್ಟರು. ಗುಡ್ಡ, ಆಸ್ಪತ್ರೆ, ಹೊಗೆ ಎಂದು ಬರೆದುಕೊಂಡು ಹೋಗಿದ್ದೆ. ಒಂದೂವರೆ ನಿಮಿಷಕ್ಕೆ ತಾಸ್ಯಾ ಅಳಲು ಶುರುಮಾಡಿದಳು. "ಪಾಪ, ಮಗುವನ್ನ ಹೊರಗೆ ಕರ್ಕೊಂಡು ಹೋಗಮ್ಮ," ಅಂದರು ವೇದಿಕೆಯಿಂದ. ಸವೇಲಿ ಮಾರ್ಕೊವಿಚ್‌ನನ್ನು ತೆಗಳಲು ನನಗೆ ಇವತ್ತಿಗೂ ಒಂದು ಸುಳ್ಳೂ ಸಿಕ್ಕಿಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದೇ ಹೊಟ್ಟೆ ಉರಿಸುವುದು.

ಸೆಪ್ಟೆಂಬರಿನಲ್ಲಿ ತಂತಿ ಬಿಚ್ಚಿ ಸುರುಳಿ ಸುತ್ತಿ ಲಾರಿಗೆ ಹಾಕಿಕೊಂಡು ಹೋದರು. ಚಿಕ್ಕಮ್ಮನಿಗೆ ಎರಡು ತಿಂಗಳ ತರಬೇತಿ ಕೊಟ್ಟು ಬಸ್ಸು ಕೊಟ್ಟರು. ಬೇರೆ ಊರಿನಲ್ಲಿ ಓಡಿ ಸವೆದ ಬಸ್ಸು, ಅದೇ ಮೂರನೇ ನಂಬರು. ಈಗ ಪ್ರತಿ ನಿಲ್ದಾಣಕ್ಕೂ ಗಡಿಯಾರ ನೋಡುತ್ತಾರೆ, ತಳ್ಳುಗಾಡಿ ಎತ್ತಲು ಇಳಿದರೆ ತಡ. ಹಾಗಾಗಿ ನಾನು ಮಗುವನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡು ಹತ್ತುತ್ತೇನೆ. ಬೆನ್ನು ನೋಯುತ್ತದೆ.

ನಿನ್ನೆಯೂ ಹತ್ತಿದೆ. ಹಳೇ ಅಂಚೆ ಕಚೇರಿ ಬಂತು. ಮೇಲೆ ತಂತಿಯಿಲ್ಲ, ಬರೀ ಆಕಾಶ. ಚಿಕ್ಕಮ್ಮ ಪೆಡಲಿನಿಂದ ಕಾಲೆತ್ತಿದಳು. ಬಸ್ಸು ಉಸಿರು ಬಿಟ್ಟ ಹಾಗೆ ತೇಲಿತು, ಏರಿನ ಬುಡದಲ್ಲಿ ವೇಗ ಸತ್ತು ಗೊರಗೊರ ಎಂದು ನಡುಗಿತು. ತಾಸ್ಯಾ ಎಚ್ಚೆತ್ತು ರಾಗ ತೆಗೆದಳು.

"ದಿನಾ ಇಲ್ಲೇ ಯಾಕಮ್ಮ ನಿಧಾನ ಮಾಡ್ತೀರ? ನಿದ್ದೆ ಬರುತ್ತಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಇಪ್ಪತ್ತೇಳು ವರ್ಷದ ಕಾಲು, ಅಷ್ಟು ಸುಲಭಕ್ಕೆ ಕೇಳುತ್ತದೆಯೇ ಎಂದು ನಾನೇ ತಿರುಗಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಚಿಕ್ಕಮ್ಮ ರಸ್ತೆಯಿಂದ ಕಣ್ಣು ತೆಗೆಯದೆ, ಹಳೇ ಗಾಡಿಯಿಂದ ಬಿಚ್ಚಿ ತಂದು ಬಾಗಿಲಿಗೆ ಮೊಳೆ ಹೊಡೆದಿದ್ದ ಫಲಕವನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ತೋರಿಸಿದಳು. ಆಮೇಲೆ ಗೇರು ಬದಲಿಸಿ, ಬಸ್ಸಿನ ಜೊತೆ ತಾನೂ ಹಲ್ಲು ಕಚ್ಚಿಕೊಂಡು ಗುಡ್ಡ ಹತ್ತಿದಳು.