ಇಲ್ಲದ ವಾಸನೆ

ಭಾವನ ಬಾಯಲ್ಲಿ ಹೆಂಡದ ವಾಸನೆ ಬರುತ್ತದೆ ಎಂದು ಅಪ್ಪನಿಗೆ ಹೇಳಿದವಳು ನಾನು, ಅಕ್ಕ. ಅದು ಸುಳ್ಳು. ಯಾವತ್ತೂ ಬಂದಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ನಿಮ್ಮ ಬಾಡಿಗೆ ಮನೆಯಲ್ಲಿದ್ದುಕೊಂಡು ನಾನು ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ಭಾವ ಕಾಲು ಅಗಲಿಸಿ, ಗೋಡೆ ಹಿಡಿದು ನಡೆಯತೊಡಗಿದರು. ಮಾತು ತೊದಲುತ್ತಿತ್ತು. ಪಕ್ಕದ ಮನೆಯ ಮುದುಕರು ತೀರಿಕೊಂಡ ದಿನ ಹೆಣದ ಮುಂದೆ ನಿಂತು ನಕ್ಕುಬಿಟ್ಟರು — ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು. ಅವತ್ತಿನಿಂದ ನನಗೆ ಅನುಮಾನ. ಅವರು ಸ್ನಾನಕ್ಕೆ ಹೋದಾಗ ಷರಟು ಮೂಸುತ್ತಿದ್ದೆ, ಟ್ರಂಕು ತಡಕುತ್ತಿದ್ದೆ. ಸೀಮೆಸುಣ್ಣದ ಪುಡಿ, ಬೆವರು — ಅಷ್ಟೇ. ಏನೂ ಸಿಗದಿದ್ದಷ್ಟೂ, ಎಷ್ಟು ಚೆನ್ನಾಗಿ ಬಚ್ಚಿಡುತ್ತಾರೆ ಎಂದುಕೊಂಡೆ.

ಅವರಿಗೂ ನಮ್ಮ ಮೇಲೆ ಅನುಮಾನ ಹುಟ್ಟಿತು. ಒಂದು ಬೆಳಿಗ್ಗೆ ಲೋಟವನ್ನು ನನ್ನ ಕಡೆ ತಳ್ಳಿ, "ಮೊದ್ಲು ನೀನು ಕುಡಿ. ಕಾಫಿಗೆ ಏನ್ ಹಾಕಿದೀಯ ಅಂತ ನಂಗೊತ್ತು" ಎಂದರು. ನೀನೂ ಅಲ್ಲೇ ಇದ್ದೆ. ಆ ಅವಮಾನ —

ಆ ವಾರವೇ, ಜನರ ಮಾತು ಕಿವಿಗೆ ಬಿದ್ದು, ಅಪ್ಪ ಊರಿನ ಹೊಲದ ಕೆಲಸ ಬಿಟ್ಟು ಬಂದರು. ನನ್ನನ್ನು ಹಿತ್ತಲಿಗೆ ಕರೆದರು.

"ದಿನಾ ನೋಡೋಳು ನೀನು. ಕುಡೀತಾರೇನಮ್ಮ?"

"ಹೂಂ ಅಪ್ಪ. ವಾಸನೆ ಬರುತ್ತೆ."

ಸಂಜೆಯೇ ನಿನ್ನನ್ನೂ ನನ್ನನ್ನೂ ಊರಿಗೆ ಕರೆದುಕೊಂಡು ಹೋದರು. ಯಾರು ಹೇಳಿದರೆಂದು ನೀನು ಕೇಳಿದಾಗ, "ನಂಗೊತ್ತಾಯ್ತು" ಎಂದರಷ್ಟೆ.

ಒಂಟಿಯಾಗಿದ್ದ ಭಾವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದೆ ಹೋದಾಗ ಜೊತೆಯ ಮೇಷ್ಟರೊಬ್ಬರು ಆಸ್ಪತ್ರೆಗೆ ಸೇರಿಸಿ ನಮಗೆ ಹೇಳಿಕಳಿಸಿದರು. ಡಾಕ್ಟರು ತಮ್ಮ ತಲೆಯ ಹಿಂಭಾಗ ಮುಟ್ಟಿ ತೋರಿಸಿದರು. "ಇಲ್ಲಿರೋ ಕಿರುಮೆದುಳು ಸವೀತಾ ಇದೆ. ನಡಿಗೆ, ಮಾತು ಕೆಟ್ಟಿರೋದು ಅದ್ರಿಂದ್ಲೇ. ಆ ನಗು, ಆ ಅನುಮಾನಾನೂ ಅದ್ರಿಂದ್ಲೇ ಇರ್ಬೋದು. ಕುಡಿತ ಅಲ್ಲಮ್ಮ."

ನೀನು ಅಪ್ಪನನ್ನು ನೋಡಿದ ರೀತಿ ನನಗೆ ಈಗಲೂ ಕಾಣುತ್ತದೆ. ಅಪ್ಪ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಭಾವನನ್ನು ಕೊನೆಯವರೆಗೂ ನೀನೇ ನೋಡಿಕೊಂಡೆ. ಅಪ್ಪನ ಜೊತೆ ಮಾತ್ರ ಮಾತು ಬಿಟ್ಟೆ. ಹಾಸಿಗೆ ಹಿಡಿದಾಗ ಅಪ್ಪ ಒಮ್ಮೆ ನನಗೆ, "ಅವಳಿಗೆ ನೀನು ಹೇಳ್ಬೋದಾಗಿತ್ತು" ಎಂದರು. ಆಗಲೂ ನಾನು —

ಕ್ಷಮಿಸು ಎಂದು ಕೇಳುವುದಿಲ್ಲ. ಅಪ್ಪ ಮಾಡಿದ್ದು ಇಷ್ಟೇ, ಮಗಳ ಮಾತು ನಂಬಿದ್ದು. ನೀನು ಮಾತು ಬಿಡಬೇಕಾಗಿದ್ದುದು ನನ್ನ ಜೊತೆ.