ಎಡಗಡೆ ಅಟ್ಟದ ಸದ್ದು

ನಮ್ಮ ಕಡೆ ಡೆಮೊ ಎಂಬುದು ಗೌರವಾನ್ವಿತ ಸಂಗತಿ. ಕಳೆ ಕತ್ತರಿಸುವ ಯಂತ್ರದವರೋ ಔಷಧಿ ಹೊಡೆಯುವ ಪಂಪಿನವರೋ ಊರಿಗೆ ಬಂದು, ಯಂತ್ರವನ್ನು ಒಂದಷ್ಟು ಹೊತ್ತು ಗುಡುಗಿಸಿ, ನೆರೆದವರಿಗೆಲ್ಲ ಟೀ ಬಿಸ್ಕತ್ತು ಕೊಟ್ಟು, ಯಾರೂ ಏನೂ ಕೊಳ್ಳದಿದ್ದರೂ ನಗುನಗುತ್ತಲೇ ಹೋಗುತ್ತಾರೆ. ಆದ್ದರಿಂದ ತಮ್ಮನ ಮಗಳು ನಮ್ಮ ಕೊಬ್ಬರಿ ಮನೆಯಲ್ಲಿ ಡೆಮೊ ಮಾಡಬೇಕೆಂದಾಗ ನಾನು ಸಹಜವಾಗಿಯೇ ಕೇಳಿದೆ:

“ಯಾವ ಮಿಷಿನ್ನಿಂದವ್ವ?”

“ಮಿಷಿನ್ ಅಲ್ಲ ದೊಡ್ಡಪ್ಪ, ನಮ್ ಬ್ಯಾಂಡಿಂದು. ಮೆಟಲ್ ಬ್ಯಾಂಡು. ನಾನೇ ಹಾಡೋದು.”

ಮೆಟಲ್ ಎಂದರೆ ಲೋಹ ಎಂಬಷ್ಟು ಇಂಗ್ಲಿಷು ನನಗೆ ಬರುತ್ತದೆ. ಹಾಡಿಗೂ ಲೋಹಕ್ಕೂ ಇರುವ ಸಂಬಂಧ ತಾಳದ ಮಟ್ಟಿಗೆ ಗೊತ್ತು. ನಾನು ಭಜನಾ ಮಂಡಳಿಯಲ್ಲಿ ತಾಳ ಹಾಕುವವನು. ಹಾರ್ಮೋನಿಯಂನವರು ದಾರಿ ತಪ್ಪಿದಾಗಲೂ ತಪ್ಪದವನೆಂದು ನಾನೇ ಹೇಳಿಕೊಳ್ಳುವುದುಂಟು. ಅವಳ ಲೋಹವಾದರೋ ಬೇರೆ. ತಿಪಟೂರಿನಲ್ಲಿ ಜೊತೆಗೆ ಓದಿದ ಮೂವರು ಹುಡುಗರು, ಎರಡು ಗಿಟಾರು, ಒಂದು ಡ್ರಮ್ಸು. ಬೆಂಗಳೂರಿನಲ್ಲಿ ಕಾರ್ಯಕ್ರಮ ನಡೆಸುವವರಿಗೆ ಭಾನುವಾರದೊಳಗೆ ನಾಲ್ಕು ಹಾಡು ರೆಕಾರ್ಡ್ ಮಾಡಿ ಕಳಿಸಬೇಕು, ಅದೇ ಡೆಮೊ. ಅವರು ಮೆಚ್ಚಿದರೆ ವೇದಿಕೆ. ಇಲ್ಲಿಯವರೆಗೆ ಯಾವ ಕಂಪನಿಯೂ ಇವರ ಜೊತೆ ಕರಾರಿಗೆ ಸಹಿ ಹಾಕಿಲ್ಲವಂತೆ. ನಾಡಿನಲ್ಲಿ ವಿವೇಕ ಇನ್ನೂ ಉಳಿದಿದೆಯೆಂದು ಸಮಾಧಾನಪಟ್ಟೆ.

ನನ್ನ ತಮ್ಮ ಮಾತ್ರ ಸಮಾಧಾನದ ಮನುಷ್ಯನಲ್ಲ. “ಇದೇ ಕಡೇದು. ಆಗ್ಲಿಲ್ಲ ಅಂದ್ರೆ ಬ್ಯಾಂಡು ಗೀಂಡು ಎಲ್ಲ ಬಂದ್. ಬಿ.ಎಡ್‌ಗೆ ಸೇರ್ಕೋಬೇಕು” ಎಂದು ಮಗಳಿಗೆ ಹೇಳಿಯಾಗಿತ್ತು. ಅವಳ ಪಾಲಿಗೆ ಆ ನಾಲ್ಕು ಹಾಡುಗಳು ಬದುಕಿನ ಪ್ರಶ್ನೆ. ನನ್ನ ಪಾಲಿಗೆ ಕಿವಿಯ ಪ್ರಶ್ನೆ.

ನಮ್ಮ ಕೊಬ್ಬರಿ ಮನೆಯಲ್ಲಿ ಎಡಕ್ಕೊಂದು ಅಟ್ಟ, ಬಲಕ್ಕೊಂದು ಅಟ್ಟ, ನಡುವೆ ಓಡಾಡುವಷ್ಟು ಜಾಗ. ಸುಲಿಯದ ತೆಂಗಿನಕಾಯಿ ಹೆಚ್ಚುಕಡಿಮೆ ವರ್ಷವಿಡೀ ಅಲ್ಲಿ ಕೂತು, ಒಳಗಿನ ನೀರೆಲ್ಲ ಇಂಗಿ, ತಾನಾಗಿಯೇ ಕೊಬ್ಬರಿಯಾಗುತ್ತದೆ. ಇಷ್ಟು ಕಾಯಿ ಗೋಡೆಗೊತ್ತಿ ಕೂತಿದ್ದರೆ ನಾರೆಲ್ಲ ಸದ್ದನ್ನು ಹೀರಿಕೊಳ್ಳುತ್ತದೆ, ಮಾರ್ದನಿಯೇ ಬರುವುದಿಲ್ಲ, ಪೇಟೆಯ ಸ್ಟುಡಿಯೋದಲ್ಲೂ ಇಷ್ಟು ಚೆನ್ನಾಗಿರುವುದಿಲ್ಲ ಎಂದು ಅವಳ ಸಂಶೋಧನೆ. ನಮ್ಮ ವಂಶದಲ್ಲಿ ಕಾಯಿ ಒಣಗುವ ಮೊದಲೇ ಅದರಿಂದ ಉಪಯೋಗ ಕಂಡವಳು ಇವಳೇ ಎಂದು ಒಪ್ಪಿಗೆ ಕೊಟ್ಟೆ.

ಪ್ರಥಮ ಗಾಯನ ಆರಂಭವಾದಾಗ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಈ ಹುಡುಗಿ ಚಿಕ್ಕವಳಿದ್ದಾಗ ನಮ್ಮ ಮಂಡಳಿಯಲ್ಲಿ ಇಂಪಾಗಿ ಹಾಡುತ್ತಿದ್ದವಳು. ಈಗ ಬಾವಿಯೊಳಗೆ ಬಿದ್ದ ಡ್ರಮ್ಮನ್ನು ಮೇಲಕ್ಕೆಳೆದಂಥ ಧ್ವನಿ. ನನ್ನ ಹೆಂಡತಿ ಮೆಣಸಿನ ಕಷಾಯ ಹಿಡಿದು ಓಡಿದಳು.

“ಗಂಟಲು ಕಟ್ಟೈತಾ ಮಗ?”

“ಇಲ್ಲ ದೊಡ್ಡಮ್ಮ, ಬೇಕಂತಲೇ ಹಂಗೆ ಹಾಡೋದು.”

“ಬೇಕಂತ ಯಾರು ಗಂಟಲು ಕಟ್ಟಿಸ್ಕೊತಾರೆ, ಬುಡು. ಕುಡಿ.”

ಯಾವ ಭಾಷೆಯ ಹಾಡೆಂದು ವಿಚಾರಿಸಿದೆ. ಕನ್ನಡವಂತೆ. ನಾನು ಕ್ಷಮೆ ಕೇಳಿದೆ, ಕನ್ನಡದ ಹತ್ತಿರ. ಹಾಡಿನ ವಿಷಯವೇನೆಂದರೆ ಕೋಪ. ಯಾರ ಮೇಲೆಂದರೆ ಎಲ್ಲರ ಮೇಲೂ. ಈ ಸಕಲ ಲೋಕದ ಮೇಲಿನ ಕೋಪವು ಮಧ್ಯಾಹ್ನ ಮುದ್ದೆ ಬಸ್ಸಾರಿಗೆ ಸರಿಯಾಗಿ ನಿಲ್ಲುತ್ತಿತ್ತು, ಊಟವಾದ ಮೇಲೆ ಮುಂದುವರಿಯುತ್ತಿತ್ತು.

ಮೂರು ಹಾಡು ಮುಗಿಯುವಷ್ಟರಲ್ಲಿ ಒಂದು ವಿಘ್ನ ಒದಗಿತು. ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಗರ್ಜನೆಯ ಹಿಂದೆ ಎಲ್ಲೋ ಲೊಟಲೊಟ ಎಂದು ಸದ್ದು. ಡ್ರಮ್ಸಿನ ಹುಡುಗ ತನ್ನ ವಾದ್ಯದ ಸ್ಕ್ರೂಗಳನ್ನೆಲ್ಲ ಬಿಚ್ಚಿ ಬಿಗಿ ಮಾಡಿದ. ಸದ್ದು ಹೋಗಲಿಲ್ಲ. ಅಷ್ಟು ಗದ್ದಲದ ನಡುವೆ ಒಂದು ಸಣ್ಣ ಸದ್ದಿನಿಂದ ಹಾಡು ಕೆಡುತ್ತದೆಂದು ಅವರು ಕೊರಗುತ್ತಿದ್ದರು. ಸಂತೆಯಲ್ಲಿ ಯಾರೋ ಕೆಮ್ಮಿದರೆಂದು ಸಂತೆ ನಿಲ್ಲಿಸಿದ ಹಾಗೆ.

ಅದೇ ಹೊತ್ತಿಗೆ ತಮ್ಮ ಬಂದ. ಕೇಳಿ, ಬೈದು, ಹೋಗಬೇಕೆಂದೇ ಬಂದವನು. ಕೂತ. ಕಣ್ಣು ಮುಚ್ಚಿದ. ತಲೆ ಬಾಗಿಸಿದ.

“ಇನ್ನೊಂದ್ಸಲ ಹಾಕು.”

ಹುಡುಗರ ಮುಖ ಅರಳಿತು. ಮತ್ತೆ ಹಾಕಿದರು. ಅವನು ಕಿವಿಯನ್ನು ಸ್ಪೀಕರಿಗೇ ಇಟ್ಟ. ಕಲೆಯು ಕಲ್ಲುಹೃದಯವನ್ನು ಕರಗಿಸುವ ಆ ಅಪೂರ್ವ ಗಳಿಗೆಯನ್ನು ನಾನೂ ಕಾದು ನಿಂತೆ.

“ಅಣ್ಣಾ, ಕಾಯಿ ಆಡ್ತಾ ಅವೆ ಕಣೋ!”

ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟುಕೊಂಡರೆ ಒಳಗೇ ಉರುಳಾಡುತ್ತದೆ, ಸುಲಿಯಲು ಹದವಾಯಿತೆಂಬುದಕ್ಕೆ ಅದೇ ಗುರುತು. ಡ್ರಮ್ಸಿನ ಏಟಿಗೆ ಅಟ್ಟವೇ ಅದುರಿ ಕಾಯಿಗಳೆಲ್ಲ ಸದ್ದು ಮಾಡುತ್ತಿದ್ದವು. ಇಡೀ ಡೆಮೊದಲ್ಲಿ ಅರ್ಥವಿದ್ದ ಸದ್ದು ಅದೊಂದೇ ಎಂದು ಈಗಲೂ ನನ್ನ ಅಭಿಪ್ರಾಯ.

“ರೇಟು ಚೆನ್ನಾಗೈತೆ. ನಾಳೆನೇ ಸುಲಿಯೋರ್ನ ಕರೀತೀನಿ” ಎಂದು ತಮ್ಮ ಎದ್ದ.

ಮಗಳು ಬಾಗಿಲಿಗೆ ಅಡ್ಡ ನಿಂತಳು. “ಅಪ್ಪಾ, ಇನ್ನೊಂದು ಹಾಡು ಬಾಕಿ ಐತೆ. ಕಾಯಿ ಇಳಿಸಿದ್ರೆ ರೂಮೆಲ್ಲ ಗೊಂಯ್ ಅಂತದೆ.”

“ನಿನ್ ಹಾಡಿಗೆ ಕಾಯಿ ಕಾಯ್ತಾವೇನೇ?”

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಏನನ್ನೋ ಒತ್ತಿ, “ಈಗ ಕೇಳು. ಎಡಗಡೆ ಮೈಕಿಂದು” ಎಂದಳು. ಲೊಟಲೊಟ. “ಇದು ಬಲಗಡೇದು.” ಬರೀ ಅರಚಾಟ, ಕಾಯಿಗಳು ಮೌನ. “ಬಲಗಡೆ ಅಟ್ಟದ್ದು ಇನ್ನೂ ಆಗಿಲ್ಲ. ಹಸಿ ಇಳಿಸಿ ಏನ್ ಮಾಡ್ತೀಯ?”

ಬಲಗಡೆ ಅಟ್ಟಕ್ಕೆ ಕಾಯಿ ತುಂಬಿದ್ದು ತಡವಾಗಿಯೇ. ಅದು ತಮ್ಮನಿಗೂ ಗೊತ್ತು. ಅಟ್ಟ ಹತ್ತಿ ಒಂದೆರಡು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಒಳಗೆ ನೀರು ಗುಳುಗುಳು ಎಂದಿತು. ಕೆಳಗಿಳಿದು, ಪಂಚೆ ಕೊಡವಿ, ಮಗಳ ಮುಖ ನೋಡದೆ ಹೇಳಿದ: “ಎಡಗಡೇದು ಮಾತ್ರ ಇಳಿಸ್ತೀನಿ.”

ಹೀಗೆ ನಾಲ್ಕನೆಯ ಹಾಡು ಅರ್ಧ ಕಾಯಿ, ಅರ್ಧ ಖಾಲಿ ಕೋಣೆಯಲ್ಲಿ ಧ್ವನಿಮುದ್ರಣವಾಯಿತು. ಒಂದು ಕಡೆ ಗೊಂಯ್, ಇನ್ನೊಂದು ಕಡೆ ಗಪ್‌ಚಿಪ್. ಮೊದಲಿನ ಮೂರಕ್ಕಿಂತ ಕೆಟ್ಟದಾಗಿರಲು ಸಾಧ್ಯವಿಲ್ಲವೆಂದುಕೊಂಡಿದ್ದೆ. ಸಾಧ್ಯವಾಯಿತು. ನಾಲ್ಕೂ ಬೆಂಗಳೂರಿಗೆ ಹೋದವು. ಅಲ್ಲಿಂದ ಉತ್ತರವೂ ಬಂತು, ಬಹಳ ಮರ್ಯಾದಸ್ಥ ಉತ್ತರ: ಈ ಸಲ ಅವಕಾಶವಿಲ್ಲ. ನಗರದವರ ಕಿವಿಯ ಬಗ್ಗೆ ನನಗೆ ಗೌರವ ಹೆಚ್ಚಿತು. ಹುಡುಗಿ ಎರಡು ದಿನ ಕೊಬ್ಬರಿ ಮನೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದು ಮೈಕಿನ ವೈರುಗಳನ್ನು ಸುತ್ತಿ ಚೀಲಕ್ಕೆ ತುಂಬಿದಳು. ಬಿ.ಎಡ್ ಅರ್ಜಿಯ ಮಾತು ತಮ್ಮನ ಬಾಯಲ್ಲಿ ಬರುವುದೇ ಬಾಕಿ ಎಂದುಕೊಂಡೆ.

ತಮ್ಮ ಬಾಗಿಲಲ್ಲಿ ನಿಂತು ಅಟ್ಟದ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ.

“ಅವುನ್ನ ಯಾಕೆ ಕಟ್ತೀಯ, ಇರ್ಲಿ ಬುಡು. ಬಲಗಡೆ ಕಾಯಿ ಆಗೈತೋ ಇಲ್ವೋ ನೋಡ್ಬೇಕಲ್ಲ. ಆ ಹುಡುಗ್ರು ಮತ್ತೆ ಯಾವಾಗ ಬತ್ತಾರೆ?”

“ಕೈಯಲ್ಲಿ ಅಲ್ಲಾಡಿಸಿದ್ರೆ ಗೊತ್ತಾಗಲ್ವೇನೋ?” ಎಂದೆ.

ಅವನು ನನ್ನ ಮಾತು ಕೇಳಿಸದವನಂತೆ ತೋಟದ ಕಡೆ ಹೊರಟುಹೋದ. ಅವಳು ಚೀಲದಿಂದ ವೈರು ಹೊರಗೆಳೆಯತೊಡಗಿದಳು. ನಾನು ಎಮ್ಮೆಯನ್ನು ಬಿಚ್ಚಿ ದೂರದ ಮರಕ್ಕೆ ಕಟ್ಟಿದೆ.